ಪೇತ್ರ ಪಂಕ್ತಿಯಿಂದ ಯಾಕೆ ಎದ್ದ?

ಪ್ರಶ್ನೆ: ನಾವು ತಲೆತಲಾಂತರದಿಂದ ಕ್ರೈಸ್ತರು. ಮನೆಯಲ್ಲಿ ದಿನಾ ಸಂಜೆ ಪ್ರಾರ್ಥನೆ, ಭಾನುವಾರ ತಪ್ಪದೆ ಆರಾಧನೆ. ಈ ವರ್ಷ ಅಕ್ಕನಿಗೆ ಒಂದು ಸಂಬಂಧ ಬಂತು. ಹುಡುಗ ಕ್ರೈಸ್ತ, ಪಕ್ಕದ ತಾಲ್ಲೂಕಿನ ಚರ್ಚಿನವನು, ಒಳ್ಳೆಯ ಕೆಲಸ ಇದೆ, ಅಕ್ಕನಿಗೂ ಇಷ್ಟ. ಅಪ್ಪ 'ಅವರು ಮೊದಲು ಯಾವ ಜನ?' ಅಂತ ವಿಚಾರಿಸಿದರು. ಗೊತ್ತಾದ ಮೇಲೆ ಬೇಡ ಅಂದುಬಿಟ್ಟರು. ಅಪ್ಪ ಸಭೆಯಲ್ಲಿ ಹಿರಿಯರು. ಅದೇ ವಾರ ಆರಾಧನೆಯಲ್ಲಿ 'ಕ್ರಿಸ್ತ ಯೇಸುವಿನಲ್ಲಿ ನೀವೆಲ್ಲರೂ ಒಂದೇ' ಅನ್ನುವ ವಾಕ್ಯ ಓದಿದವರೂ ಅವರೇ. ನನ್ನ ಗೆಳತಿಯೊಬ್ಬಳು, ಕ್ರೈಸ್ತಳಲ್ಲ, 'ಹೇಳೋದು ಆಚಾರ, ತಿನ್ನೋದು ಬದನೆಕಾಯಿ' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಂಬಿಕೆ ಸುಳ್ಳಾ, ನಾವು ಸುಳ್ಳಾ?

ಉತ್ತರ: ಸಹೋದರಿ, ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಎರಡು ದಿನ ಕೂತೆ, ಆಗಲಿಲ್ಲ. ಮೂವತ್ತು ವರ್ಷಕ್ಕಿಂತ ಜಾಸ್ತಿ ಸಭಾಪಾಲಕನಾಗಿದ್ದವನು ನಾನು. ಕೆಲವು ವರ್ಷ ಹುಡುಗರಿಗೆ ಸತ್ಯವೇದ ಕಲಿಸಿದ್ದೇನೆ. ನಿಮ್ಮ ಅಪ್ಪನಂಥ ಹಿರಿಯರ ಪಕ್ಕದಲ್ಲೇ ಕೂತು ಊಟ ಮಾಡಿದ್ದೇನೆ, ಅವರ ಮನೆಯ ಸಾವಿಗೂ ಮದುವೆಗೂ ಹೋಗಿದ್ದೇನೆ. ಹಾಗಾಗಿ ದೂರ ನಿಂತು ತೀರ್ಪು ಕೊಡಲು ನನಗೆ ಬರುವುದಿಲ್ಲ.

ಇಂಥ ಪ್ರಶ್ನೆ ಬಂದಾಗ ನಮ್ಮವರು ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತಾರೆ. ಒಂದು, 'ಅಂಥವರು ನಿಜವಾದ ಕ್ರೈಸ್ತರೇ ಅಲ್ಲ ಬಿಡಿ.' ಹೀಗಂದುಬಿಟ್ಟರೆ ತಪ್ಪು ಮಾಡಿದವರೆಲ್ಲ ಲೆಕ್ಕದಿಂದ ಹೊರಗೆ ಹೋಗುತ್ತಾರೆ, ಉಳಿದ ನಾವು ಚೊಕ್ಕವಾಗಿ ಉಳಿಯುತ್ತೇವೆ. ಆದರೆ ನಿಮ್ಮ ಅಪ್ಪ ದಿನಾ ಸಂಜೆ ಮೊಣಕಾಲೂರುವುದು ನಾಟಕ ಅಂತ ನಿಮಗೆ ಅನ್ನಿಸುತ್ತದಾ? ನನಗೆ ಅನ್ನಿಸುವುದಿಲ್ಲ. ಇನ್ನೊಂದು ಉತ್ತರ, 'ನಾವೆಲ್ಲ ಪಾಪಿಗಳೇ ಅಲ್ವಾ.' ಇದು ನಿಜ. ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಆದಿಸಭೆಯ ಬೋಧಕ ಪೌಲ, ಮಾಡಬೇಕು ಅಂದುಕೊಂಡ ಒಳ್ಳೆಯದನ್ನು ಮಾಡುವುದಿಲ್ಲ, ಬೇಡ ಅಂದುಕೊಂಡ ಕೆಟ್ಟದ್ದನ್ನೇ ಮಾಡುತ್ತೇನೆ ಅಂತ ನರಳುತ್ತಾನೆ. ಕುಡಿತ ಬಿಡಲಾಗದವರು, ಸಿಟ್ಟು ತಡೆಯಲಾಗದವರು, ಗುಟ್ಟಾಗಿ ಏನನ್ನೋ ನೋಡುತ್ತಾ ಅಳುವವರು ಆ ಅಧ್ಯಾಯ ಓದಿ ಸಮಾಧಾನ ಪಡೆದದ್ದನ್ನು ನಾನು ಕಂಡಿದ್ದೇನೆ. ಅದು ಅವರಿಗಾಗಿಯೇ ಇದೆ. ಆದರೆ ನಿಮ್ಮ ಅಪ್ಪ ಮಾಡಿದ್ದು ಬೇರೆ. ಒಳ್ಳೆಯದು ಮಾಡಬೇಕು ಅಂತ ಹೊರಟು ಸೋತವರಲ್ಲ ಅವರು. ಆ ಸಂಬಂಧ ಬೇಡ ಅಂದ ರಾತ್ರಿ ಅವರು ನರಳಿರಲಿಕ್ಕಿಲ್ಲ, ಅಪ್ಪನಾಗಿ ಕರ್ತವ್ಯ ಮಾಡಿದೆ ಅಂತಲೇ ಮಲಗಿರಬೇಕು. ಇಂಥ ಸೋಲಿಗೆ 7ನೇ ಅಧ್ಯಾಯ ಸಾಲುವುದಿಲ್ಲ.

ಇದಕ್ಕೆ ಸರಿಹೊಂದುವ ಘಟನೆ ಬೇರೆ ಕಡೆ ಇದೆ. ನಿಮ್ಮ ಅಪ್ಪ ಓದಿದ ವಾಕ್ಯದ ಪಕ್ಕದಲ್ಲೇ ಇದೆ! ಅವರು ಓದಿದ್ದು ಗಲಾತ್ಯದವರಿಗೆ ಬರೆದ ಪತ್ರದ 3ನೇ ಅಧ್ಯಾಯದ 28ನೇ ವಾಕ್ಯ. ಒಂದು ಅಧ್ಯಾಯ ಹಿಂದಕ್ಕೆ ಹೋಗಿ, 2ನೇ ಅಧ್ಯಾಯದ 11ನೇ ವಾಕ್ಯದಿಂದ ಓದಿ. ಅಲ್ಲಿ ಒಂದು ಜಗಳ ಇದೆ. ಊಟದ ಜಗಳ.

ಊರು ಅಂತಿಯೋಕ್ಯ. ಈಗ ತುರ್ಕಿ ದೇಶದಲ್ಲಿರುವ ಅಂತಾಕ್ಯ. ಶಿಷ್ಯರಿಗೆ 'ಕ್ರೈಸ್ತರು' ಅನ್ನುವ ಹೆಸರು ಮೊದಲು ಬಂದದ್ದೇ ಅಲ್ಲಿ, ಅಪೊಸ್ತಲರ ಕೃತ್ಯಗಳ 11ನೇ ಅಧ್ಯಾಯ ಅದನ್ನು ಹೇಳುತ್ತದೆ. ಯೆಹೂದ್ಯರಾಗಿ ಹುಟ್ಟಿದವರು, ಅನ್ಯಜನರಾಗಿ, ಅಂದರೆ ಯೆಹೂದ್ಯರಲ್ಲದವರಾಗಿ ಹುಟ್ಟಿದವರು ಕೂಡಿ ಉಣ್ಣುತ್ತಿದ್ದ ಸಭೆ ಅದು. ಹಾಗೆ ಕೂಡಿ ಉಣ್ಣುವುದು ಆ ಕಾಲದಲ್ಲಿ ಎಂಥ ದೊಡ್ಡ ಮಾತು ಅಂತ ಬೇರೆಯವರಿಗೆ ವಿವರಿಸಬೇಕಾಗಬಹುದು. ಪಂಕ್ತಿಭೇದ ಅನ್ನುವ ಪದ ಬಲ್ಲ ನಮಗೆ ಬೇಕಿಲ್ಲ. ಯೇಸುವಿನ ಶಿಷ್ಯರಲ್ಲಿ ಮುಖ್ಯನಾದ ಪೇತ್ರ ಅಲ್ಲಿಗೆ ಬಂದ, ಎಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಂಡ. ಆಮೇಲೆ ಯೆರೂಸಲೇಮಿನಿಂದ, ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದರು. ಅವರು ಬಂದ ಕೂಡಲೇ ಪೇತ್ರ ಮೆಲ್ಲಗೆ ಹಿಂದೆ ಸರಿದ, ಬೇರೆ ಕೂತ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು. ಬಾರ್ನಬನೂ ಎದ್ದ, ಅನ್ಯಜನರ ನಡುವೆ ಪೌಲನ ಜೊತೆಯಲ್ಲೇ ದುಡಿದ ಬಾರ್ನಬ.

ಪೌಲ ಕಾರಣವನ್ನು ಒಂದೇ ಮಾತಲ್ಲಿ ಹೇಳುತ್ತಾನೆ: ಸುನ್ನತಿಯ ಪಕ್ಷದವರಿಗೆ, ಅಂದರೆ ಅನ್ಯಜನರೂ ಸುನ್ನತಿ ಮಾಡಿಸಿಕೊಳ್ಳಲೇಬೇಕು ಅನ್ನುತ್ತಿದ್ದ ಯೆಹೂದ್ಯರಿಗೆ ಹೆದರಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪೇತ್ರನಿಗೆ ಗೊತ್ತಿರಲಿಲ್ಲವಾ? ಅವನಿಗಿಂತ ಚೆನ್ನಾಗಿ ಗೊತ್ತಿದ್ದವರೇ ಇರಲಿಲ್ಲ. ಯೊಪ್ಪ ಊರಿನ ಮಾಳಿಗೆಯ ಮೇಲೆ ದರ್ಶನ ಕಂಡವನು ಅವನು, ದೇವರು ಶುದ್ಧಮಾಡಿದ್ದನ್ನು ನೀನು ಹೊಲೆ ಅನ್ನಬೇಡ ಅಂತ ಮೂರು ಸಲ ಕೇಳಿಸಿಕೊಂಡವನು. ಕೈಸರೈಯಕ್ಕೆ ಹೋಗಿ ರೋಮನ್ ಸೈನ್ಯದ ಅಧಿಕಾರಿ ಕೊರ್ನೇಲ್ಯನ ಮನೆಯೊಳಗೆ ಕಾಲಿಟ್ಟವನು. ವಾಪಸು ಬಂದಾಗ ಯೆರೂಸಲೇಮಿನವರು 'ಸುನ್ನತಿಯಿಲ್ಲದವರ ಮನೆಗೆ ಹೋಗಿ ಅವರ ಜೊತೆ ಉಂಡೆಯಲ್ಲ' ಅಂತ ತರಾಟೆಗೆ ತೆಗೆದುಕೊಂಡಾಗ ಎದ್ದು ನಿಂತು ಉತ್ತರ ಕೊಟ್ಟು ಅವರ ಬಾಯಿ ಮುಚ್ಚಿಸಿದವನು. ಅಂತಿಯೋಕ್ಯದಲ್ಲಿ ಪಂಕ್ತಿಯಿಂದ ಏಳುವಾಗಲೂ ಅವನ ನಂಬಿಕೆ ಬದಲಾಗಿರಲಿಲ್ಲ. ಅದಕ್ಕೇ ಪೌಲ ಅವನನ್ನು ಸುಳ್ಳು ಬೋಧಕ ಅನ್ನುವುದಿಲ್ಲ. ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲ ಅನ್ನುತ್ತಾನೆ. ಮೂಲದ ಗ್ರೀಕ್ ಪದದಲ್ಲಿ ಕಾಲು, ನೆಟ್ಟಗೆ ಅನ್ನುವ ಎರಡೂ ಅರ್ಥ ಸೇರಿವೆ. ಬಾಯಿ ಸರಿ ಇದೆ, ಕಾಲು ಸೊಟ್ಟ ಹೋಗುತ್ತಿದೆ ಅನ್ನುವ ಹಾಗೆ.

ಇದೇ ಪೇತ್ರ ಅದಕ್ಕೂ ಮುಂಚೆ ಒಂದು ರಾತ್ರಿ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ಯೇಸುವಿನ ಬಗ್ಗೆ 'ಆ ಮನುಷ್ಯನನ್ನು ನಾನರಿಯೆ' ಅಂದಿದ್ದ. ಅದು ಎಲ್ಲರಿಗೂ ಗೊತ್ತಿರುವ ಕಥೆ. ಅಂದು ಹೆದರಿದ್ದು ಪರರಿಗೆ, ಜೀವಕ್ಕೆ. ಅಂತಿಯೋಕ್ಯದಲ್ಲಿ ಜೀವಕ್ಕೇನೂ ಅಪಾಯ ಇರಲಿಲ್ಲ, ಅಲ್ಲಿ ಅವನು ಹೆದರಿದ್ದು ತನ್ನವರಿಗೆ. ಆಮೇಲಾಮೇಲೆ ಪರರ ಭಯ ಗೆದ್ದವನು ತನ್ನವರ ಭಯದ ಮುಂದೆ ಬಾಗಿದ. ನಾನು ಇಷ್ಟು ವರ್ಷದಲ್ಲಿ ಕಂಡ ಮಟ್ಟಿಗೆ ಕ್ರೈಸ್ತರ ಹೆಚ್ಚಿನ ಸೋಲು ಇದೇ ಥರದ್ದು. ನಾವು ದೇವರನ್ನು ನಂಬುತ್ತೇವೆ, ಅದು ಸುಳ್ಳಲ್ಲ. ಆದರೆ ನಾಳೆ ನನ್ನ ಮನೆಯ ಸಾವಿಗೆ ಹೆಗಲು ಕೊಡುವವರು ಯಾರು, ಮಗಳ ಮದುವೆಗೆ ಬರುವವರು ಯಾರು, ಕಷ್ಟಕ್ಕೆ ಸಾಲ ಕೊಡುವವರು ಯಾರು ಅಂತ ಕೇಳಿಕೊಂಡಾಗ ನಮ್ಮ ಕಣ್ಣು ಚರ್ಚಿನ ಕಡೆ ಹೋಗುವುದಿಲ್ಲ, ನಂಟರ ಕಡೆ ಹೋಗುತ್ತದೆ. ಯಾರ ಮೇಲೆ ಭಾರ ಹಾಕಿದ್ದೇವೋ ಅವರು ಹೇಳಿದಂತೆ ನಡೆಯುತ್ತೇವೆ. ಪಾಪಕ್ಕೆ ಕ್ರಿಸ್ತ, ಬದುಕಿಗೆ ನಮ್ಮ ಜನ ಅಂತ ಎರಡು ಪಾಲು ಮಾಡಿಕೊಂಡಿರುತ್ತೇವೆ. ಹಾಗೆ ಮಾಡಿಕೊಂಡದ್ದು ನಮಗೇ ಗೊತ್ತಿರುವುದಿಲ್ಲ. ಯಾರೋ ಬಂದು ಪಂಕ್ತಿಯಲ್ಲಿ ಕೂತಾಗ ಗೊತ್ತಾಗುತ್ತದೆ.

ಹಣದ ವಿಷಯದಲ್ಲೂ ಇದೇ. ಚಿನ್ನದ ಉಂಗುರ ಹಾಕಿದವನಿಗೆ ಒಳ್ಳೆಯ ಜಾಗ, ಬಡವನಿಗೆ 'ಅಲ್ಲಿ ನಿಂತುಕೋ' ಅನ್ನುವ ಸಭೆಯನ್ನು ಯಾಕೋಬನ ಪತ್ರ ತರಾಟೆಗೆ ತೆಗೆದುಕೊಳ್ಳುತ್ತದೆ. ಅದು ಬೇರೆಯೇ ಲೇಖನ ಆಗುವಷ್ಟಿದೆ, ಇಲ್ಲಿ ಬಿಡುತ್ತೇನೆ.

ಈ ಭಯಕ್ಕೆ ಸಭೆಯೇ ಮಣಿದರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಕಥೆ ನೋಡಬೇಕು. ನಾನು ಹುಡುಗರಿಗೆ ಪಾಠ ಮಾಡುವಾಗ ಇದನ್ನು ಬಿಡುತ್ತಲೇ ಇರಲಿಲ್ಲ. ಅಲ್ಲಿನ ಕೇಪ್ ಪ್ರಾಂತದ ಡಚ್ ರಿಫಾರ್ಮ್ಡ್ ಚರ್ಚಿನಲ್ಲಿ 1829ರಲ್ಲಿ ಒಂದು ಪ್ರಶ್ನೆ ಎದ್ದಿತು: ಬಣ್ಣ ಬೇರೆ ಇರುವವರಿಗೆ ಬಿಳಿಯರ ಜೊತೆಗೇ ಕರ್ತನ ಭೋಜನ, ಅಂದರೆ ಆರಾಧನೆಯ ರೊಟ್ಟಿ, ದ್ರಾಕ್ಷಾರಸ ಕೊಡಬಹುದಾ? ಸಿನೊಡ್, ಅಂದರೆ ಆ ಚರ್ಚಿನ ಆಡಳಿತ ಸಭೆ, ಸ್ಪಷ್ಟವಾಗಿ ಹೇಳಿತು, ಬಣ್ಣ ಹುಟ್ಟು ನೋಡದೆ ಎಲ್ಲರಿಗೂ ಒಟ್ಟಿಗೇ ಕೊಡಬೇಕು, ಇದು ದೇವರ ವಾಕ್ಯದ ಮೇಲೆ ನಿಂತ ತತ್ವ ಅಂತ. ಚೆನ್ನಾಗಿದೆ ಅಲ್ವಾ. 28 ವರ್ಷ ಆದ ಮೇಲೆ, 1857ರಲ್ಲಿ, ಅದೇ ಸಿನೊಡ್ ಮತ್ತೆ ಕೂತಿತು. ಕೂಡಿ ಆರಾಧಿಸುವುದೇ ಉತ್ತಮ, ವಾಕ್ಯಕ್ಕೆ ಒಪ್ಪುವುದೂ ಅದೇ ಅಂತ ಮೊದಲು ಬರೆಯಿತು. ಆಮೇಲೆ ಒಂದು 'ಆದರೆ' ಸೇರಿಸಿತು: ಕೆಲವರ ಬಲಹೀನತೆಯ ದೆಸೆಯಿಂದ ತೊಂದರೆ ಆಗುವ ಕಡೆ, ಬೇರೆ ಕಟ್ಟಡದಲ್ಲಿ ಬೇರೆಯಾಗಿ ಆರಾಧನೆ ನಡೆಸಬಹುದು. ಬಲಹೀನರು ಅಂದರೆ ಯಾರು? ಕರಿಯರ ಪಕ್ಕ ಕೂರಲಾಗದ ಬಿಳಿಯರು. ಅವರ ಬಲಹೀನತೆ ಗುಣವಾಗುವ ತನಕ ಕಾಯೋಣ ಅಂದಂತೆ. 1881ರಲ್ಲಿ ಬಣ್ಣದವರಿಗೆ ಬೇರೆ ಚರ್ಚನ್ನೇ ಕಟ್ಟಿಕೊಟ್ಟರು. 1948ರಲ್ಲಿ ವರ್ಣಭೇದವನ್ನು ದೇಶದ ನೀತಿಯನ್ನಾಗಿ ಮಾಡುವ ಸರ್ಕಾರ ಬಂದಾಗ ಡಚ್ ರಿಫಾರ್ಮ್ಡ್ ಚರ್ಚು ಅದಕ್ಕೆ ಬೈಬಲಿನಿಂದಲೇ ಆಧಾರ ಹುಡುಕಿ ಕೊಟ್ಟಿತು. ನೋಡಿ, 1857ರಲ್ಲಿ ಸಿದ್ಧಾಂತ ಸರಿಯಾಗಿಯೇ ಇತ್ತು. ನಂಬಿಕೆಯ ಒಂದು ಅಕ್ಷರವನ್ನೂ ಅವರು ತಿದ್ದಿರಲಿಲ್ಲ. ತಮ್ಮವರಿಗೆ ನೋವಾಗದಿರಲಿ ಅಂತ ಒಂದು ಸಣ್ಣ ರಿಯಾಯಿತಿ ಕೊಟ್ಟರು, ಅಷ್ಟೇ. ಆ ತಪ್ಪನ್ನು ತಪ್ಪು ಅಂತ ಗಟ್ಟಿಯಾಗಿ ಹೇಳಿದ ಬೆಲ್ಹಾರ್ ನಂಬಿಕೆಯ ಹೇಳಿಕೆಯನ್ನು 1986ರಲ್ಲಿ ಅಂಗೀಕರಿಸಿದ್ದು ಯಾರು ಗೊತ್ತಾ? ಬೇರೆ ಕೂರಿಸಲ್ಪಟ್ಟವರ ಆ ಚರ್ಚೇ.

ನಿಮ್ಮ ಅಪ್ಪ ಅಕ್ಕನಿಗೆ ಏನು ಹೇಳಿರಬಹುದು ಅಂತ ನಾನು ಊಹಿಸಬಲ್ಲೆ. 'ನನಗೇನೂ ಭೇದವಿಲ್ಲಮ್ಮ, ಆದರೆ ನಾಳೆ ನಿನ್ನ ತಂಗಿಗೆ ಗಂಡು ಸಿಗಬೇಕಲ್ಲ, ದೊಡ್ಡಪ್ಪ ಏನಂತಾರೆ.' ಕೆಲವರ ಬಲಹೀನತೆಯ ದೆಸೆಯಿಂದ!

ನಮ್ಮ ಕಡೆಯ ಚರಿತ್ರೆಯೂ ಇದರಲ್ಲಿ ಹಿಂದಿಲ್ಲ. 1833ರಲ್ಲಿ ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಡ್ಯಾನಿಯಲ್ ವಿಲ್ಸನ್, ಸಭೆಯೊಳಗೆ ಜಾತಿಭೇದ ಕೂಡಲೇ ನಿಲ್ಲಬೇಕು ಅಂತ ಪತ್ರ ಬರೆದಾಗ ತಂಜಾವೂರು, ಮದ್ರಾಸಿನ ವೇಪೇರಿ ಕಡೆಯ ಎಷ್ಟೋ ಕ್ರೈಸ್ತರು ಜಾತಿ ಬಿಡುವ ಬದಲು ಸಭೆಯನ್ನೇ ಬಿಟ್ಟರು. ಮಂಗಳೂರಿನ ಕೊಂಕಣಿ ಕಥೊಲಿಕರಲ್ಲಿ ಬಾಮಣ್, ಚಾರೊಡಿ, ಸುದಿರ್ ಅನ್ನುವ ಹಳೆಯ ಜಾತಿಯ ಮಾತು ಮದುವೆಯ ಹೊತ್ತಿಗೆ ಇವತ್ತಿಗೂ ನೆನಪಾಗುತ್ತದೆ, ಅವರ ಪೂರ್ವಜರು ದೀಕ್ಷಾಸ್ನಾನ ಪಡೆದು ಶತಮಾನಗಳೇ ಕಳೆದಿವೆ. 2016ರ ಡಿಸೆಂಬರಿನಲ್ಲಿ ಭಾರತದ ಕಥೊಲಿಕ ಬಿಷಪರ ಮಂಡಳಿ ದಲಿತರ ಬಗ್ಗೆ ಒಂದು ನೀತಿ ಪ್ರಕಟಿಸಿತು, ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ಅದರಲ್ಲಿ ಒಪ್ಪಿಕೊಂಡಿತು. ಒಪ್ಪಿಕೊಂಡದ್ದಕ್ಕೆ ನಾನು ಅವರನ್ನು ಗೌರವಿಸುತ್ತೇನೆ, ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಎಷ್ಟೋ ಕಡೆ ಅಷ್ಟೂ ಆಗಿಲ್ಲ. ಇನ್ನೊಂದು ಮಾತೂ ಮನಸ್ಸಿಗೆ ಚುಚ್ಚುತ್ತದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸವಲತ್ತು ಸಿಗುವುದಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಅದಕ್ಕೆ ಸೇರಿಸಿದರು, ಕ್ರೈಸ್ತರನ್ನು ಇನ್ನೂ ಸೇರಿಸಿಲ್ಲ. ಅದು ಅನ್ಯಾಯ ಅಂತ ನಾವು ಬೀದಿಗಿಳಿದು ಸರಿಯಾಗಿಯೇ ಹೇಳುತ್ತೇವೆ, ನಮ್ಮಲ್ಲೂ ಜಾತಿಯ ನೋವು ಇದೆ ಅಂತ ಸರ್ಕಾರಕ್ಕೆ ಮನವಿ ಕೊಡುತ್ತೇವೆ. ಭಾನುವಾರ ಪ್ರಸಂಗದಲ್ಲಿ ನಿಂತು ನಮ್ಮಲ್ಲಿ ಜಾತಿ ಇಲ್ಲ ಅನ್ನುತ್ತೇವೆ. ಕೇಳುತ್ತಾ ಕೂತ ದಲಿತ ಕುಟುಂಬದ ಹುಡುಗನಿಗೆ ಹೇಗಾಗಬೇಡ?

ಆದರೆ ಕರಾವಳಿಯಲ್ಲಿ ಒಂದು ಬೇರೆ ಥರದ ಪಾಠವೂ ಇದೆ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಜಾತಿಯ ವಿಷಯದಲ್ಲಿ ತುಂಬಾ ಗಟ್ಟಿ ನಿಂತರು. ದೀಕ್ಷಾಸ್ನಾನ ತೆಗೆದುಕೊಂಡವರು ಜಾತಿ ಬಿಡಲೇಬೇಕು. ಬಿಟ್ಟವರಿಗೆ ಏನಾಯಿತು? ಮನೆಯಿಂದ ಹೊರಬಿದ್ದರು, ಕುಲಕಸುಬು ಹೋಯಿತು, ಗೇಣಿಯ ಗದ್ದೆ ಹೋಯಿತು. ಅವರಿಗೆ ಬರೀ ಧೈರ್ಯದ ಮಾತು ಹೇಳಿ ಕಳಿಸಿದ್ದರೆ ಎಷ್ಟು ಜನ ನಿಲ್ಲುತ್ತಿದ್ದರು? ಅದಕ್ಕೇ ನೇಯ್ಗೆ ಶುರುವಾಯಿತು, ಮುದ್ರಣ ಶುರುವಾಯಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚು ಅಂದರೆ ನಮಗೆ ಮಾಡಿನ ಮೇಲಿನ ಕೆಂಪು ಹೆಂಚು ನೆನಪಾಗುತ್ತದೆ. ನನಗೆ ಅದನ್ನು ನೋಡಿದಾಗಲೆಲ್ಲ ಅನ್ನಿಸುವುದು ಬೇರೆ. ತನ್ನವರನ್ನು ಕಳೆದುಕೊಂಡ ಮನುಷ್ಯನಿಗೆ ಕೆಲಸ, ಮನೆ, ಪಕ್ಕದಲ್ಲಿ ನಿಲ್ಲುವ ಜನ ಬೇಕು ಅಂತ ಆ ಕಾಲದವರಿಗೆ ಅರ್ಥವಾಗಿತ್ತು. ನಂಬಿಕೆಯಂತೆ ನಡೆ ಅಂತ ಒಬ್ಬನಿಗೆ ಹೇಳುವ ಸಭೆ, ಹಾಗೆ ನಡೆದು ಬಿದ್ದವನನ್ನು ಹಿಡಿಯಲು ತಯಾರಿರಬೇಕು. ಈಗಿನ ನಮ್ಮ ಸಭೆಗಳು ಹೇಳುತ್ತವೆ, ಹಿಡಿಯುವುದಿಲ್ಲ. ಕ್ರೈಸ್ತರು ಯಾಕೆ ಸೋಲುತ್ತಾರೆ ಅಂತ ನೀವು ಕೇಳಿದ್ದಕ್ಕೆ ನನ್ನ ಉತ್ತರದ ದೊಡ್ಡ ಪಾಲು ಇದು. ಒಬ್ಬೊಬ್ಬರಾಗಿ ನಮ್ಮ ಮನಸ್ಸು ಬಲಹೀನ, ಅದು ಇದ್ದದ್ದೇ. ಅದಕ್ಕಿಂತ ಜಾಸ್ತಿ, ಒಬ್ಬನೇ ಪಂಕ್ತಿಯಲ್ಲಿ ಉಳಿದುಕೊಂಡರೆ ನನ್ನ ಜೊತೆ ಯಾರು ಉಳಿಯುತ್ತಾರೆ ಅನ್ನುವುದು ಗೊತ್ತಿಲ್ಲದೆ ನಾವು ಏಳುತ್ತೇವೆ. ಬಾರ್ನಬನಂಥವನೇ ಎದ್ದ ಮೇಲೆ ಬೇರೆಯವರ ಮಾತೇನು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಉತ್ತರ ಪೂರ್ತಿ ಆಗುವುದಿಲ್ಲ. ಹೊಸದಾಗಿ ಅಭಿಷೇಕವಾದಾಗ ಉತ್ತರ ಕರ್ನಾಟಕದ ಒಂದು ಹಳ್ಳಿಯ ಸಭೆಗೆ ಹೋದೆ. ಸುಗ್ಗಿ ಹಬ್ಬದ ಆರಾಧನೆ ಮುಗಿದ ಮೇಲೆ ಊಟ. ಹಳೆಯ ಕುಟುಂಬಗಳು ಚರ್ಚಿನ ಪಡಸಾಲೆಯಲ್ಲಿ ಕೂತರು, ಇನ್ನೊಂದು ಕೇರಿಯಿಂದ ಈಚೆಗೆ ಸೇರಿದ್ದ ನಾಲ್ಕೈದು ಮನೆಯವರು ಹೊರಗೆ ಬೇವಿನ ಮರದ ಕೆಳಗೆ ಕೂತರು. ಯಾರೂ ಯಾರಿಗೂ ಹೊರಗೆ ಕೂರಿ ಅಂತ ಹೇಳಲಿಲ್ಲ. ತಾವಾಗಿಯೇ ಹೋದರು. ನಾನು ಒಳಗೆ ಕೂತೆ. ನನಗೆ ಕಾಣಿಸಲಿಲ್ಲ ಅಂತಲ್ಲ, ಕಾಣಿಸಿತು. ನನ್ನ ಮನೆಯ ಬಾಡಿಗೆ ಕಟ್ಟುತ್ತಿದ್ದವರು ಒಳಗಿದ್ದ ಹಿರಿಯರು, ನನ್ನ ಹೆಂಡತಿಯ ಹೆರಿಗೆಗೆ ಬಂಡಿ ಕೊಟ್ಟವರು ಅವರೇ. ಹೀಗೆ ಎರಡು ಸುಗ್ಗಿ ಹಬ್ಬ ಕಳೆಯಿತು. ಅದರ ಮೇಲೆ ಹೊರಗೆ ಕೂರುತ್ತಿದ್ದ ಒಬ್ಬ ಅಜ್ಜಿ ಆರಾಧನೆಗೆ ಬರುವುದು ನಿಂತಿತು. ಹುಷಾರಿಲ್ಲವೇನೋ ಅಂತ ಮನೆಗೆ ಹೋದೆ. ಕೂರಿಸಿದಳು, ಒಲೆ ಹಚ್ಚಿ ಚಹಾ ಕುದಿಸಿದಳು, ಲೋಟ ಕೈಯಲ್ಲಿ ಹಿಡಿದು ನಿಂತು 'ಕುಡೀತೀರೇನ್ರಿ ಅಯ್ಯನವರ?' ಅಂತ ಕೇಳಿದಳು. ಚುಚ್ಚಲಿಕ್ಕೆ ಕೇಳಿದ್ದಲ್ಲ. ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎರಡು ವರ್ಷ ನನ್ನ ಕೈಯಿಂದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡವಳಿಗೆ, ನಾನು ಅವಳ ಕೈಯ ಚಹಾ ಕುಡಿಯುತ್ತೇನೋ ಇಲ್ಲವೋ ಗೊತ್ತಿರಲಿಲ್ಲ.

ಮುಂದಿನ ಹಬ್ಬಕ್ಕೆ ನಾನು ತಟ್ಟೆ ಹಿಡಿದು ಬೇವಿನ ಮರದ ಕೆಳಗೆ ಹೋಗಿ ಕೂತೆ. ದೊಡ್ಡ ಸಾಹಸ ಏನಲ್ಲ. ಎರಡು ಮನೆಯವರು ಸಭೆ ಬಿಟ್ಟರು. ಒಬ್ಬ ಹಿರಿಯರು ಮಾತ್ರ, ಎಪ್ಪತ್ತರ ಹತ್ತಿರದವರು, ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು ನನ್ನ ಪಕ್ಕ ಕೂತರು. ಅವರು ಬರದಿದ್ದರೆ ನಾನು ಅದರ ಮುಂದಿನ ವರ್ಷ ಮತ್ತೆ ಒಳಗೇ ಕೂರುತ್ತಿದ್ದೆನೇನೋ.

ನಿಮ್ಮ ಗೆಳತಿಯ ಮಾತಿಗೆ ಬರುತ್ತೇನೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅವಳು ಹೇಳಿದ್ದು ಸರಿ. ಆದರೆ ನಂಬಿಕೆ ಸುಳ್ಳಾ ಅನ್ನುವುದಕ್ಕೆ ಇಷ್ಟು ಹೇಳಬಲ್ಲೆ: ಪೇತ್ರನನ್ನು ಎಲ್ಲರ ಮುಂದೆ ತಡೆದು ನಿಲ್ಲಿಸಿದ ಪೌಲ ಹೊರಗಿನವನಲ್ಲ. ಇಬ್ಬರೂ ಹೇಳುತ್ತಿದ್ದ ಸುವಾರ್ತೆಯನ್ನೇ ಹಿಡಿದು ತಡೆದ. ಆಮೇಲೆ ಆ ಜಗಳವನ್ನು ಮುಚ್ಚಿಡಲಿಲ್ಲ, ಪತ್ರದಲ್ಲಿ ಬರೆದ. ಸಭೆ ಅದನ್ನು ಹರಿದು ಹಾಕಲಿಲ್ಲ, ತನ್ನ ಅತಿ ದೊಡ್ಡ ಅಪೊಸ್ತಲನ ಮಾನ ಹೋಗುವ ಆ ಪುಟವನ್ನು ದೇವರ ವಾಕ್ಯ ಅಂತ ಇವತ್ತಿಗೂ ಎದ್ದು ನಿಂತು ಓದುತ್ತದೆ. ಪೇತ್ರ ಏನು ಉತ್ತರ ಕೊಟ್ಟ ಅಂತ ಪೌಲ ಬರೆದಿಲ್ಲ. ಪೇತ್ರನ ಹೆಸರಿನಲ್ಲಿರುವ ಎರಡನೆಯ ಪತ್ರದ ಕೊನೆಯಲ್ಲಿ ಮಾತ್ರ 'ನಮ್ಮ ಪ್ರಿಯ ಸಹೋದರನಾದ ಪೌಲನು' ಅನ್ನುವ ಮಾತಿದೆ. ನನಗೆ ಆ ಸಾಲು ತುಂಬಾ ಇಷ್ಟ.

ಈಗ ನೀವು ಏನು ಮಾಡಬಹುದು. ಅಪ್ಪನಿಗೆ ವಾಕ್ಯ ತೋರಿಸಲು ಹೋಗಬೇಡಿ, ವಾಕ್ಯ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಮತ್ತಾಯನ 18ನೇ ಅಧ್ಯಾಯ ಹೇಳುವಂತೆ ಮೊದಲು ನೀವಿಬ್ಬರೇ ಇರುವಾಗ ಮಾತಾಡಿ. 'ಅಪ್ಪಾ, ನೀವು ಯಾರಿಗೆ ಹೆದರುತ್ತಿದ್ದೀರಿ? ಹೆಸರು ಹೇಳಿ' ಅಂತ ಕೇಳಿ. ಜನ ಏನಂತಾರೆ ಅನ್ನುವಾಗ ಆ ಜನ ಒಂದು ಊರಿನಷ್ಟು ದೊಡ್ಡದಾಗಿ ಕಾಣುತ್ತದೆ, ಹೆಸರು ಹೇಳಲು ಕೂತರೆ ಮೂರ್ನಾಲ್ಕು ಜನ ಸಿಗುತ್ತಾರೆ. ದೊಡ್ಡಪ್ಪ, ಒಬ್ಬ ಸೋದರಮಾವ, ಊರಿನ ಇನ್ನೊಬ್ಬ ಹಿರಿಯ. ಆ ಮೂವರ ಮನೆಗೂ ಅಪ್ಪನ ಜೊತೆ ನಿಮ್ಮ ಸಭಾಪಾಲಕರು ಹೋಗಲಿ. ಇದು ಅವರ ಕೆಲಸ. ಅವರು ಹಿಂಜರಿದರೆ ನನ್ನ ಕಥೆ ಹೇಳಿ, ಅವರಿಗೆ ಅರ್ಥವಾಗುತ್ತದೆ. ಅಪ್ಪ ಸಭೆಯಲ್ಲಿ ಹಿರಿಯರು ಅನ್ನುವುದು ಮರೆಯಬೇಡಿ, ಅವರು ನೆಟ್ಟಗೆ ನಡೆದರೆ ಹಿಂದೆ ಬರುವವರಿದ್ದಾರೆ, ಎದ್ದರೂ ಹಿಂದೆ ಬರುವವರಿದ್ದಾರೆ. ಅದನ್ನು ಅವರಿಗೆ ಪ್ರೀತಿಯಿಂದಲೇ, ಆದರೆ ಬಿಡಿಸಿ ಹೇಳಿ.

ಹುಡುಗನ ಮನೆಯವರನ್ನು ಒಂದು ದಿನವಾದರೂ ಊಟಕ್ಕೆ ಕರೆದಿದ್ದೀರಾ ಅಂತ ನೀವು ಬರೆದಿಲ್ಲ. ಮದುವೆಯ ಮಾತು ಬದಿಗಿಟ್ಟು ಕರೆಯಿರಿ, ನೀವೂ ಅವರ ಮನೆಗೆ ಹೋಗಿ ಉಣ್ಣಿ. ಮದುವೆ ಗಟ್ಟಿಯಾಗಿ ದೊಡ್ಡಪ್ಪನ ಕಡೆಯವರು ಬರುವುದಿಲ್ಲ ಅಂದರೆ ಎಷ್ಟು ಎಲೆ ಖಾಲಿ ಉಳಿಯುತ್ತದೆ ಅಂತ ಲೆಕ್ಕ ಹಾಕಿ, ಅಷ್ಟು ಜನ ನಿಮ್ಮ ಸಭೆಯಲ್ಲಿ ಸಿಗುತ್ತಾರಾ ಅಂತ ಈಗಿಂದಲೇ ಕೇಳಿಡಿ. ಎರಡು ಎಲೆ ನಮ್ಮ ಮನೆಯ ಲೆಕ್ಕಕ್ಕೆ ಹಾಕಿಕೊಳ್ಳಿ. ನಾನೂ ನನ್ನ ಹೆಂಡತಿಯೂ ಬರುತ್ತೇವೆ.